ತಾಂಡೇಲ ಸಾಹೇಬರ ಏಳು ಸಾವುಗಳು

ಕಾರವಾರ
೨೯ ಸೆಪ್ಟೆಂಬರ್ ೨೦೨೪, ಭಾನುವಾರ

ಪಪ್ಪಾ,

ಕಾಗದ ನೋಡಿ ಗಾಬರಿಯಾಗಬೇಡಿ. ನಾನು ಫೇಲ್ ಆಗಿಲ್ಲ, ಜ್ವರವೂ ಇಲ್ಲ. (ಸ್ವಲ್ಪ ಇತ್ತು, ಹೋಯಿತು. ಅದು ಜ್ವರವೋ ಟೆನ್ಷನ್ನೋ ಗೊತ್ತಾಗಲಿಲ್ಲ.) ನಿಮ್ಮ ಫೋನು ಸಮುದ್ರಕ್ಕೆ ಹೋಯಿತು ಎಂದು ಆಯಿ ಹೇಳಿದಳು. ಹೇಗೆ ಎಂದು ಕೇಳಿದರೆ "ಸಿನೆಮಾದವ್ರು ಬಾಂಬ್ ಮಾಡ್ಲಿಕ್ಕೆ ತಕಂಡ್ ಹೋದ್ರು" ಎಂದಳು. ಅಷ್ಟರಲ್ಲಿ ಯಾರೋ ಬಾಂಗಡೆ ಮೀನಿಗೆ ಚೌಕಾಸಿ ಮಾಡಲು ಬಂದರು, ಲೈನ್ ಕಟ್ಟಾಯಿತು.

ಆಯಿಯ ಫೋನಿನಲ್ಲಿ ತಾಯಿ ಮಗಳು ಏನು ಮಾತನಾಡಿದರೂ ಅಂಕೋಲೆಯ ಇಡೀ ಮೀನು ಮಾರ್ಕೆಟ್ಟಿಗೆ ಕೇಳುತ್ತದೆ. ಆದ್ದರಿಂದ ಕಾಗದ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಪ್ರತಿ ಭಾನುವಾರ ಮನೆಗೆ ಕಾಗದ ಬರೆಸುತ್ತಿದ್ದರಲ್ಲ, ವಾರ್ಡನ್ ಓದಿ ಸಹಿ ಹಾಕಿದ ಮೇಲೇ ಪೋಸ್ಟ್. ಯಾರೂ ಚೆಕ್ ಮಾಡದೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಅದಕ್ಕೇ ಅಕ್ಷರ ಸೊಟ್ಟಗಾಗಿದೆ.

ಈಗ ವಿಷಯ. ಈ ಕಾಲೇಜು ಹಾಸ್ಟೆಲ್ಲಿನ ಮೊದಲ ದಿನ ಎಲ್ಲರೂ ಸುತ್ತ ಕೂತು ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳಬೇಕಿತ್ತು. ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. ನಾನು ಸತ್ಯವನ್ನೇ ಹೇಳಿದೆ: "ತಾಂಡೇಲ್." ನನ್ನ ರೂಮ್‌ಮೇಟ್ ನಂದಿನಿ ಗದಗದವಳು, ಸಮುದ್ರ ನೋಡಿದ್ದೇ ಈ ಆಗಸ್ಟಿನಲ್ಲಿ. ದೋಣಿ ನಡೆಸುವವನಿಗೆ ತಾಂಡೇಲ ಎನ್ನುತ್ತಾರೆಂದು ಅವಳಿಗೆ ಹೇಗೆ ಗೊತ್ತಿರಬೇಕು? "ಕರ್ನಲ್ ಇದ್ದಂಗೇನು? ನೇವಿಯೊಳಗ?" ಎಂದಳು. ನಾನು ಸುಮ್ಮನಿದ್ದೆ. ಪಪ್ಪಾ, ನಾನು ಮಾಡಿದ್ದು ಅಷ್ಟೇ. ಸುಮ್ಮನಿದ್ದೆ. ಈಗ ಇಡೀ ಹಾಸ್ಟೆಲ್ಲಿಗೆ ನೀವು ನೇವಿಯ ತಾಂಡೇಲ್ ಸಾಹೇಬರು. ಮೆಸ್ಸಿನಲ್ಲಿ ನನ್ನ ತಟ್ಟೆಗೆ ಎರಡನೇ ಚಪಾತಿ ಕೇಳದೆಯೇ ಬೀಳುತ್ತದೆ. ಇಲ್ಲೇ ಕರಾವಳಿಯ ಚಿತ್ತಾಕುಲದ, ನಮ್ಮ ಹಾಗೇ ಕೊಂಕಣಿ ಮಾತನಾಡುವ ಹೀರಾ ಒಬ್ಬಳಿಗೆ ತಾಂಡೇಲ ಅಂದರೆ ಏನೆಂದು ಗೊತ್ತು. ಅವಳು ನನ್ನ ಮುಖ ನೋಡಿದಳು, ಚಪಾತಿ ನೋಡಿದಳು, ತನ್ನ ಊಟ ಮುಂದುವರಿಸಿದಳು. ನನಗೆ ಅವಳದೇ ಭಯ.

ನಿಮಗೆ ಕೋಪ ಬಂದಿದ್ದರೆ ಬಂದಿದೆ ಎಂದು ಬರೆಯಿರಿ. ಬರದಿದ್ದರೆ ಬಂದಿಲ್ಲ ಎಂದು ಬರೆಯಿರಿ. ಏನಾದರೂ ಒಂದು ಬರೆಯಿರಿ. ಮುಂದಿನ ಭಾನುವಾರ ಮನೆಗೆ ಬರಲಾಗುವುದಿಲ್ಲ, ಇಂಟರ್ನಲ್ಸ್ ಇದೆ.

ಮನಿಷಾ
ಬಿ.ಎಸ್ಸಿ. ಮೊದಲ ವರ್ಷ, ಫಿಸಿಕ್ಸ್
(ಹೆಸರಿನ ಕೆಳಗೆ ಕ್ಲಾಸು ಬರೆದೇ ಅಭ್ಯಾಸವಾಗಿದೆ.)


ಬೆಳಂಬಾರ
೬ ಅಕ್ಟೋಬರ್ ೨೦೨೪

ಬಾಯ್,

ನಿನ್ನ ಕಾಗದ ಸಿಕ್ಕಿತು. ಪೋಸ್ಟ್‌ಮ್ಯಾನ್ ದಂಡೆಗೇ ಬಂದು ಕೈಗೆ ಕೊಟ್ಟು "ಕೋರ್ಟಿಂದಲ್ಲ ಮಾರಾಯಾ, ಹೆದರ್ಬೇಡ" ಎಂದ. ನಾನು ಮಗಳೆಂದು "ಬಾಯ್" ಎಂದರೆ ಮನೆಯಲ್ಲಿ ಕೊಂಕಣಿಯಲ್ಲಿ ನನಗೆ "ತೂ" ಎನ್ನುವವಳು ಕಾಗದದಲ್ಲಿ "ನೀವು" ಎಂದಿದ್ದೀ. ಓದುವಾಗ ಯಾರೋ ದೊಡ್ಡ ಮನುಷ್ಯರು ನನ್ನ ಹಿಂದೆ ನಿಂತಿದ್ದಾರೆ ಎಂದು ಎರಡು ಸಲ ತಿರುಗಿ ನೋಡಿದೆ.

ಸಿನೆಮಾದ ಹೆಸರು "ಮಿಷನ್ ಬಿರುಗಾಳಿ". ಡೈರೆಕ್ಟರ್ ರೂಪೇಶ ಸಾಹೇಬರು ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೋ ತೆಗೆಯುವವರು. ಯುದ್ಧದ ಸಿನೆಮಾ ಮಾಡಬೇಕೆಂಬುದು ಅವರ ಬಹಳ ದಿನದ ಆಸೆಯಂತೆ. ನಮ್ಮ ದೋಣಿಯನ್ನೇ ಯುದ್ಧನೌಕೆ ಮಾಡಿದ್ದಾರೆ. ಇನ್ನೊಂದು ದೋಣಿ ತರುವಷ್ಟು ದುಡ್ಡು ಅವರಲ್ಲಿ ಇಲ್ಲ. ಅದಕ್ಕೆ ಎಡಗಡೆಗೆ ನಮ್ಮ ನೇವಿಯ ಬಣ್ಣ, ಬಲಗಡೆಗೆ ಶತ್ರುವಿನ ಬಣ್ಣ ಬಳಿಸಿದರು. ನಾನು ಆಗಲೇ ಹೇಳಿದೆ, ದಂಡೆಯ ಮೇಲೆ ಕ್ಯಾಮೆರಾ ಇಟ್ಟರೆ ದೋಣಿಯ ಎಡಮೈ ಕಾಣಬೇಕಾದರೆ ಅದು ಗೋಕರ್ಣದ ಕಡೆಗೇ ಹೋಗಬೇಕು, ಬಲಮೈ ಕಾಣಬೇಕಾದರೆ ಕಾರವಾರದ ಕಡೆಗೇ ಹೋಗಬೇಕು ಎಂದು. ಯಾರು ಕೇಳುತ್ತಾರೆ? ಈಗ ಶತ್ರು ದಿನಾ ಕಾರವಾರದ ಮೇಲೆ ನುಗ್ಗುತ್ತಿದ್ದಾನೆ, ನಮ್ಮ ನೇವಿ ದಿನಾ ಗೋಕರ್ಣಕ್ಕೆ ಓಡುತ್ತಿದೆ. "ನಮ್ಮವ್ರು ಬೆನ್ನಟ್ಟೂದು ಹ್ಯಾಂಗ್ರಿ ಸಾಹೇಬ್ರೆ?" ಎಂದು ನಮ್ಮ ದೋಣಿಯಲ್ಲಿ ಬಲೆ ಎಳೆಯುವ ಹುಲಿಯಾ ಕೇಳಿದ. "ಎಡಿಟಿಂಗ್‌ನ್ಯಾಗ ನೋಡ್ಕೊಳ್ಳೂಣು" ಎಂದರು. ಅವರು ಎಲ್ಲದಕ್ಕೂ ಹಾಗೇ ಹೇಳುತ್ತಾರೆ.

ಫೋನಿನ ಕತೆ ಇಷ್ಟು. ಬಾಂಬಿನ ರಿಮೋಟಿಗೆ ಏನೂ ಸಿಗದೆ ನನ್ನ ಬಟನ್ ಫೋನು ತೆಗೆದುಕೊಂಡರು. ಹೀರೋ ಅದನ್ನು ಸಮುದ್ರಕ್ಕೆ ಎಸೆಯುವ ಹಾಗೆ ನಟಿಸಬೇಕಿತ್ತು. ಅವನು ಎಸೆದೇಬಿಟ್ಟ. ಸಾಹೇಬರು "ಭಾಳ ಚೊಲೋ ಬಂತು, ಇನ್ನೊಂದು ಟೇಕ್" ಎಂದರು. ಎಲ್ಲರೂ ನನ್ನ ಮುಖ ನೋಡಿದರು.

ಹುಲಿಯಾ, ನಾನು, ಮತ್ತೆ ನಾಲ್ವರು ಸೇರಿ ಶತ್ರು ಸೈನಿಕರು. ಆರೇ ಜನ ಇರುವುದರಿಂದ ಸತ್ತವರು ಎದ್ದು, ಮೀಸೆ ಬದಲಿಸಿ, ಮತ್ತೆ ಓಡಿಬರಬೇಕು. ನಾನು ಇಲ್ಲಿಯವರೆಗೆ ಮೂರು ಸಲ ಸತ್ತಿದ್ದೇನೆ. ಡ್ರೆಸ್ಸು ಕಾಡಿನ ಹಸಿರು, ಎಲೆ ಎಲೆ ಚಿತ್ರ. ಬಿಳಿ ಮರಳಿನಲ್ಲಿ ಅಡಗಿ ಕೂತರೆ ಬಸಳೆ ಮಡಿ ಮಾಡಿದ ಹಾಗೆ ಕಾಣುತ್ತದೆ.

ಶುಕ್ರವಾರ ನಿಜವಾದ ಹಡಗೊಂದು ದೂರದಲ್ಲಿ ಹೋಯಿತು. ಎಲ್ಲರೂ "ತೆಗೀರಿ, ತೆಗೀರಿ" ಎಂದು ಕೂಗಿದೆವು. ಸಾಹೇಬರು "ಬ್ಯಾಡ್ರಿ, ಅದು ಭಾಳ ದೊಡ್ಡದಾತು, ನಮ್ಮದು ಸಣ್ಣದು ಕಾಣ್ತದ" ಎಂದು, ಅದು ದಾಟಿ ಹೋಗುವವರೆಗೆ ಯುದ್ಧ ನಿಲ್ಲಿಸಿದರು.

ಬಾಂಗಡೆ ಬರುತ್ತಿದೆ. ಆಯಿ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡು ಎಂದಿದ್ದಾಳೆ.

ಪಪ್ಪಾ


ಕಾರವಾರ
೧೩ ಅಕ್ಟೋಬರ್ ೨೦೨೪

ಪಪ್ಪಾ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ದೋಣಿಯ ವಿಷಯ ಇದೆ, ಬಸಳೆ ಇದೆ, ಎಣ್ಣೆ ಕೂಡ ಇದೆ. ನಾನು ಕೇಳಿದ್ದು ಇಲ್ಲ. ಬಹುಶಃ ನನ್ನ ಕಾಗದದ ಒಂದು ಪುಟ ಬಿದ್ದುಹೋಯಿತೇ? ಪ್ಲೀಸ್, ಮೂರನೇ ಪ್ಯಾರಾ ಇನ್ನೊಮ್ಮೆ ನೋಡಿ.

ಆಕ್ಚುವಲಿ ಈಗ ಅದು ಇನ್ನೂ ದೊಡ್ಡದಾಗಿದೆ. ಜನವರಿ ೨೬ಕ್ಕೆ ಹಾಸ್ಟೆಲ್ಲಿನಲ್ಲಿ ಧ್ವಜ ಹಾರಿಸಲು ನಿಮ್ಮನ್ನೇ ಕರೆಸಬೇಕೆಂದು ವಾರ್ಡನ್ ಮೇಡಂ ಹೇಳಿದ್ದಾರೆ. "ಊರಲ್ಲೇ ತಾಂಡೇಲ್ ಸಾಹೇಬರಿರುವಾಗ ಹೊರಗಿನವರು ಯಾಕೆ?" ಎಂದರು. ನಾನು "ಅವರು ಬಿಝಿ" ಎಂದೆ. "ಹೌದಮ್ಮಾ, ದೇಶಸೇವೆ" ಎಂದರು. ನೀವು ಮೀಸೆ ಬದಲಿಸುತ್ತಿರುವುದು ಕಣ್ಣಮುಂದೆ ಬಂತು. ನಗು ಬಂತು, ಕೆಮ್ಮಿದ ಹಾಗೆ ಮಾಡಿ ಹೊರಗೆ ಬಂದೆ.

ಇನ್ನೊಂದು ವಿಷಯ, ಫಿಸಿಕ್ಸಿನದು. ದೂರದಲ್ಲಿ ಬಾಂಬು ಸಿಡಿದರೆ ಬೆಳಕು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ. ಇದನ್ನು ರೂಪೇಶ ಅವರಿಗೆ ಹೇಳಿ. ಎಲ್ಲರೂ ಇದೊಂದನ್ನು ತಪ್ಪು ಮಾಡುತ್ತಾರೆ.

ಭಾನುವಾರ ಬರುವುದಿಲ್ಲ. ಇಂಟರ್ನಲ್ಸ್.

ಮನಿಷಾ


ಬೆಳಂಬಾರ
೨೦ ಅಕ್ಟೋಬರ್ ೨೦೨೪

ಬಾಯ್,

ಮೂರನೇ ಪ್ಯಾರಾ ಓದಿದೆ. ಅಕ್ಷರ ಚೆನ್ನಾಗಿದೆ.

ಬೆಳಕು ಮೊದಲು, ಸದ್ದು ಆಮೇಲೆ ಎಂದು ಸಾಹೇಬರಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ "ಮಂಗೇಶಣ್ಣಾ, ನಮ್ಮ ಸಿನೆಮಾದಾಗ ಮೊದಲು ಮಂದಿ ಬೀಳ್ತಾರು, ಆಮ್ಯಾಲೆ ಸಪ್ಪಳ, ಆಮ್ಯಾಲೆ ಬೆಳಕು" ಎಂದರು. ಅದೂ ಸತ್ಯ. ಗುಂಡು ಹಾರುವ ಬಂದೂಕಿನ ಹಾಗೆ ಕಾಣುವುದು ಒಂದೇ ಇದೆ, ಉಳಿದವು ಬಡಗಿಯ ಹತ್ತಿರ ಮಾಡಿಸಿದ ಮರದ್ದು. ಆ ಒಂದು ಯಾರ ಕೈಗೆ ಬರುತ್ತದೋ ಅವರು ಆ ಹೊತ್ತಿಗೆ ಹೊಡೆಯಬೇಕು. ನಮ್ಮ ಕಡೆಯವರು ಹೊಡೆದು ಆಚೆ ಎಸೆದರೆ ಶತ್ರು ಹಿಡಿದು ಅವರಿಗೇ ಹೊಡೆಯುತ್ತಾನೆ. ನೋಡಿದವರಿಗೆ ಇಬ್ಬರೂ ಒಂದೇ ಮನೆಯವರು ಅನ್ನಿಸಬೇಕು.

ಥರ್ಮಾಕೋಲಿನ ತೋಪು ಮಾಡಿ ದಂಡೆಯಲ್ಲಿ ಇಟ್ಟಿದ್ದರು. ಮಧ್ಯಾಹ್ನ ಭರತಿ ಬರುತ್ತದೆ, ನೀರು ಇಲ್ಲಿಯವರೆಗೆ ಏರುತ್ತದೆ ಎಂದೆ. ಕೇಳಲಿಲ್ಲ. ಊಟ ಮುಗಿಸಿ ಬರುವಾಗ ತೋಪು ಸಮುದ್ರದ ಪಾಲಾಗಿತ್ತು. ಅಲ್ಲಿಗೆ ಕತೆಯನ್ನೇ ಬದಲಿಸಿದರು. ಈಗ ಹೀರೋ ಬರೀ ಕೈಯಲ್ಲಿ ಗೆಲ್ಲುತ್ತಾನೆ. ಹುಲಿಯಾ ಸತ್ತು ಬಿದ್ದ ಮೇಲೆ ಬೀಡಿ ಹಚ್ಚಿದ, ಹೊಗೆ ಕ್ಯಾಮೆರಾಕ್ಕೆ ಬಂತು. "ಇರ್ಲಿ, ಗುಂಡಿನ ಹೊಗಿ ಅನ್ಕೋತಾರ" ಎಂದರು.

ನಾನು ಆರು ಸಲ ಸತ್ತಾಯಿತು. ನಾಳೆ ಕೊನೆಯ ದಿನ. ಶತ್ರುಗಳ ಮುಖಂಡನ ಪಾರ್ಟು ಮಾಡುತ್ತಿದ್ದವನಿಗೆ ಧಾರವಾಡದಲ್ಲಿ ಯಾರದೋ ಮದುವೆ ವಿಡಿಯೋ ಸಿಕ್ಕಿತು, ಹೋದ. ಆ ಪಾರ್ಟು ನನಗೇ ಬಂದಿದೆ. ಸಾಯುವ ಮೊದಲು ಏನಾದರೂ ಮಾತನಾಡಬೇಕಂತೆ. "ಏನು ಮಾತಾಡ್ಲಿ?" ಎಂದರೆ, "ಶತ್ರುದೇಶದ ಭಾಷಾ ಅಣ್ಣಾ. ಯಾರಿಗೂ ತಿಳೀಬಾರದು. ನಿಮ್ಮ ಮನಿ ಮಾತಾಡ್ರಿ, ಕೆಳಗ ನಾವು ಬೇಕಾದ್ದು ಬರಕೋತೀವಿ" ಎಂದರು. ಏನು ಹೇಳುವುದೆಂದು ಯೋಚಿಸುತ್ತಿದ್ದೇನೆ.

ನಿನ್ನ ಇಂಟರ್ನಲ್ಸ್ ಎಷ್ಟು ಭಾನುವಾರ ಇರುತ್ತದೆ ಎಂದು ಆಯಿ ಕೇಳುತ್ತಾಳೆ.

ಪಪ್ಪಾ


ಕಾರವಾರ
೨೪ ನವೆಂಬರ್ ೨೦೨೪

ಪಪ್ಪಾ,

ದೀಪಾವಳಿಗೆ ಬರಲಿಲ್ಲ ಎಂದು ಆಯಿ ಫೋನಿನಲ್ಲಿ ಅತ್ತಳು. ಮಾರ್ಕೆಟ್ಟಿನವರೆಲ್ಲ ಸೇರಿ ನನಗೆ ಬೈದರು. ನಾನು ಬರದಿರುವುದು ಇಂಟರ್ನಲ್ಸಿನಿಂದಲ್ಲ ಎಂದು ನಿಮಗೆ ಗೊತ್ತಿದೆ ಎಂದು ನನಗೆ ಗೊತ್ತಿದೆ. ನಿಮ್ಮ ಮುಖ ಹೇಗೆ ನೋಡುವುದು ಎಂದು ತಿಳಿಯುತ್ತಿಲ್ಲ, ಅಷ್ಟೇ. "ಅಕ್ಷರ ಚೆನ್ನಾಗಿದೆ" ಎನ್ನುವುದಕ್ಕಿಂತ ಎರಡು ಬೈಗುಳ ಬರೆದಿದ್ದರೆ ನಿದ್ದೆ ಬರುತ್ತಿತ್ತು.

ಹೀರಾ ಈಗ ನನ್ನನ್ನು "ಏ ತಾಂಡೇಲ್" ಎಂದೇ ಕರೆಯುತ್ತಾಳೆ. ಹೇಳಿ ಒಂದು ಸಲ ನಗುತ್ತಾಳೆ. ಮೇಡಂ ಆಹ್ವಾನದ ಕಾರ್ಡು ಪ್ರಿಂಟಿಗೆ ಕೊಡುತ್ತಿದ್ದಾರೆ. ಜನವರಿ ೨೬ಕ್ಕೆ ನೀವು ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಬರದಿದ್ದರೆ ನನ್ನ ತಂದೆಯನ್ನು ನಾನೇ ಬಚ್ಚಿಟ್ಟ ಹಾಗಾಗುತ್ತದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಎಂದು ನನಗೆ ಗೊತ್ತಾಗುತ್ತಿಲ್ಲ.

ಮನಿಷಾ


ಬೆಳಂಬಾರ
೮ ಡಿಸೆಂಬರ್ ೨೦೨೪

ಬಾಯ್, ಪೋಸ್ಟ್ ಕಾರ್ಡಿನಲ್ಲಿ ಹೆಚ್ಚು ಬರೆಯುವ ಹಾಗಿಲ್ಲ, ಪೋಸ್ಟ್‌ಮ್ಯಾನ್ ಓದುತ್ತಾನೆ. (ಪೋಸ್ಟ್‌ಮ್ಯಾನ್ ಮಾರಾಯಾ, ಓದಿದರೆ ಓದು, ಹಿಂದಿನ ಸಲದ ಹಾಗೆ ನೆನೆಸಬೇಡ.) ಸಿನೆಮಾ ಸಂಕ್ರಾಂತಿಯ ಹೊತ್ತಿಗೆ ಯೂಟ್ಯೂಬಿನಲ್ಲಿ ಬರುತ್ತದಂತೆ. ಪೂರ್ತಿ ನೋಡಿ ತಲೆನೋವು ತಂದುಕೊಳ್ಳಬೇಡ. ಕೊನೆಯ ಹತ್ತು ನಿಮಿಷ ಮಾತ್ರ ನೋಡು. ಒಬ್ಬಳೇ ನೋಡು. ಪಪ್ಪಾ


ಕಾರವಾರ
೧೫ ಜನವರಿ ೨೦೨೫, ಬುಧವಾರ

ಪಪ್ಪಾ,

ಒಬ್ಬಳೇ ನೋಡಲು ಆಗಲಿಲ್ಲ. ನೇವಿ ಸಿನೆಮಾ, ಅದೂ ಬೆಳಂಬಾರದಲ್ಲಿ ತೆಗೆದದ್ದು ಎಂದು ಗೊತ್ತಾಗಿ ಭಾನುವಾರ ಊಟದ ಮೇಲೆ ಮೇಡಂ ಟಿವಿ ಹಾಲಿನಲ್ಲಿ ದೊಡ್ಡದಾಗಿ ಹಾಕಿಸಿದರು. ಅರವತ್ತು ಜನ ಹುಡುಗಿಯರು, ಮೆಸ್ಸಿನವರೂ ಬಂದರು. ನಂದಿನಿ ನನ್ನನ್ನು ಎಳೆದು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡಳು. "ನಿಮ್ಮಪ್ಪಾರೂ ಸಲಹಾ ಕೊಟ್ಟಿರಬೇಕು" ಎಂದಳು. ಕೊಟ್ಟಿದ್ದಿರಿ, ಅವರು ಕೇಳಲಿಲ್ಲ ಎಂದು ಹೇಳುವ ಧೈರ್ಯ ನನಗೆ ಆಗ ಬರಲಿಲ್ಲ.

ಸಿನೆಮಾ ನೀವು ಬರೆದದ್ದಕ್ಕಿಂತ ಕೆಟ್ಟದಾಗಿದೆ. ನಮ್ಮ ನೇವಿ ಶತ್ರುವನ್ನು ಬೆನ್ನಟ್ಟಿ ಹೊರಟಿತು, ಅರ್ಧ ದಾರಿಯಲ್ಲಿ ಇಬ್ಬರೂ ಎದುರಾಬದುರಾ ದಾಟಿಹೋದರು. ಹೀರೋ ಸೊಂಟದವರೆಗೆ ನೀರಿನಲ್ಲಿ ನಿಂತು ಸವಾಲು ಹಾಕಿದ, ಶತ್ರು ಉತ್ತರ ಕೊಡುವಷ್ಟರಲ್ಲಿ ಅವನ ಪ್ಯಾಂಟು ಒಣಗಿ ಇಸ್ತ್ರಿಯಾಗಿತ್ತು. ಒಬ್ಬ ಸೈನಿಕ ಪ್ರಾಣ ಬಿಟ್ಟ ಕೂಡಲೇ ಪರದೆ ಮದುವೆ ಆಲ್ಬಮ್ಮಿನ ಪುಟದ ಹಾಗೆ ಮಗುಚಿತು, ಮೂಲೆಯಲ್ಲಿ ಒಂದು ಗುಲಾಬಿ ಹೂವು ಅರಳಿತು. ಎಲ್ಲರೂ ನಕ್ಕು ಬಿದ್ದರು. ನೀವು ಓಡಿಬಂದಾಗೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಹಿಂದಿನಿಂದ ಹೀರಾ ಎಣಿಸುತ್ತಿದ್ದಳು: "ಇದೇ ಮನ್ಷ ನಾಕ್ನೇ ಸಲ ಸತ್ತಾ... ಐದ್ನೇ ಸಲ... ಅಯ್ಯೋ, ಮೀಸೆ ಉದುರಿ ಬಿತ್ತಲ್ಲೇ!"

ಆಮೇಲೆ ಆ ಕೊನೆಯ ಹತ್ತು ನಿಮಿಷ.

ನಿಮ್ಮ ಮುಖ ಅಷ್ಟು ದೊಡ್ಡದಾಗಿ ನಾನು ಯಾವತ್ತೂ ನೋಡಿರಲಿಲ್ಲ. ಎದೆಯ ಮೇಲೆ ಕೆಂಪು ಬಣ್ಣ, ಕಣ್ಣಿನ ಕೆಳಗೆ ಮರಳು. ನೀವು ನೇರ ಕ್ಯಾಮೆರಾ ನೋಡಿ, ಫೋನಿನಲ್ಲಿ ಮಾತನಾಡುವ ದನಿಯಲ್ಲೇ ಹೇಳಿದಿರಿ:

"ಬಾಯ್, ಜೇವಣ ಜಾಲೇಂ? ಹಾಂವ್ ರಾಗಾರ್ ನಾ. ಘರಾ ಯೋ."

ಕೆಳಗೆ ಕನ್ನಡದಲ್ಲಿ ಬರೆದಿತ್ತು: "ಹೇ ಹೇಡಿಗಳೇ! ನಿಮ್ಮ ಕರಾವಳಿಯನ್ನು ಬೂದಿ ಮಾಡುತ್ತೇನೆ! ನನ್ನ ಸೇನೆ ಬಂದೇ ಬರುತ್ತದೆ!"

ಎಲ್ಲರೂ ಕೆಳಗಿನ ಅಕ್ಷರ ಓದುತ್ತಿದ್ದರು. ಹೀರಾ ಒಬ್ಬಳು ಜೋರಾಗಿ ನಕ್ಕಳು. ನಂದಿನಿಗೆ ಸಿಟ್ಟು ಬಂತು. "ಯಾಕ ನಗ್ತೀಯವಾ? ಊರಿಗೆ ಬೆಂಕಿ ಹಚ್ತೀನಿ ಅಂತಾನ ಅಂವಾ!"

"ಬೆಂಕಿನೂ ಇಲ್ಲ, ಬೂದಿನೂ ಇಲ್ಲ ಮಾರಾಯ್ತಿ" ಎಂದಳು ಹೀರಾ. "ಊಟ ಆಯ್ತಾ ಕೇಳ್ತಿದ್ದಾ. ನಂಗೆ ಸಿಟ್ಟಿಲ್ಲ, ಮನೆಗೆ ಬಾ ಅಂತಿದ್ದಾ." ಅಷ್ಟು ಹೇಳಿ ಅವಳ ನಗು ನಿಂತಿತು. ನನ್ನ ಕಡೆ ನೋಡಿ ಮೆಲ್ಲಗೆ, "ಯಾರಿಗೆ ಹೇಳಿದ್ನೋ ಏನೋ" ಎಂದಳು.

ನಾನು ಎದ್ದು ನಿಂತೆ. "ನನಗೆ ಹೇಳಿದ್ದು. ಅವರು ನನ್ನ ಪಪ್ಪಾ. ತಾಂಡೇಲ ಅಂದರೆ ನೇವಿಯಲ್ಲ, ಮೀನು ಹಿಡಿಯುವ ದೋಣಿ ನಡೆಸುವವರು. ಊಟ ಆಯಿತು ಪಪ್ಪಾ" ಎಂದೆ. ಕೊನೆಯದನ್ನು ಟಿವಿಗೆ ಹೇಳಿದೆ. ಅಷ್ಟರಲ್ಲಿ ನೀವು ಸತ್ತಿದ್ದಿರಿ, ಪುಟ ಮಗುಚಿ ಗುಲಾಬಿ ಅರಳುತ್ತಿತ್ತು.

ನಂದಿನಿ ಎರಡು ದಿನ ನನ್ನ ಜೊತೆ ಮಾತನಾಡಲಿಲ್ಲ. "ನಾ ಕರ್ನಲ್ ಅಂದಾಗ ಯಾಕ ಬಾಯಿ ಮುಚ್ಕೊಂಡು ಕುಂತಿ? ಮೀನು ಹಿಡೀತಾರಂದಿದ್ರ ನಾ ಏನು ನಿನ್ನ ಚಪಾತಿ ಕಸಗೊತಿದ್ನೇನು?" ಎಂದಳು. ನಿನ್ನೆ ಸಂಕ್ರಾಂತಿ. ಎಳ್ಳುಬೆಲ್ಲ ತಂದು ಕೈಯಲ್ಲಿಟ್ಟು, "ನಿಮ್ಮಪ್ಪಾರು ಏಳು ಸಲ ಸತ್ತಾರಲ್ಲ, ಯಾವ ಸಲ ಭಾಳ ತ್ರಾಸಾತಂತ ಕೇಳು" ಎಂದಳು. ಮೆಸ್ಸಿನಲ್ಲಿ ಎರಡನೇ ಚಪಾತಿಯನ್ನು ಈಗ ಕೇಳಿ ಹಾಕಿಸಿಕೊಳ್ಳಬೇಕು. ಕೇಳುತ್ತೇನೆ.

ಮೇಡಂ ಹತ್ತಿರ ಹೋಗಿ ಸಾರಿ ಹೇಳಿ, ಕಾರ್ಯಕ್ರಮಕ್ಕೆ ಬೇರೆ ಯಾರನ್ನಾದರೂ ಕರೆಯಿರಿ ಎಂದೆ. ಅವರು ಪ್ರಿಂಟಾದ ಕಾರ್ಡು ತೆಗೆದು ತೋರಿಸಿದರು: "ಧ್ವಜಾರೋಹಣ: ಶ್ರೀ ಮಂಗೇಶ, ತಾಂಡೇಲ." "ಇದರಲ್ಲಿ ಸುಳ್ಳು ಎಲ್ಲಿದೆ, ತೋರಿಸು. ಇನ್ನೂರು ಕಾರ್ಡು ಹೊಡೆಸಿದ್ದೇನೆ, ಬದಲಿಸುವುದಿಲ್ಲ. ನಿನ್ನ ತಂದೆಗೆ ಬರಲು ಹೇಳು" ಎಂದರು.

ಇನ್ನೊಂದು. ಕೊನೆಯಲ್ಲಿ ಹೆಸರುಗಳು ಬರುವಾಗ "ವೈದ್ಯಕೀಯ ನೆರವು: ಡಾ. ಮನಿಷಾ, ಕಾರವಾರ" ಎಂದು ಬಂತು. ನನ್ನ ಹೆಸರಿನ ಡಾಕ್ಟರ್ ಯಾರೋ ಇದ್ದಾರೆ ಅನ್ನಿಸುತ್ತದೆ.

ಈ ಶನಿವಾರ ಮನೆಗೆ ಬರುತ್ತಿದ್ದೆ, ಆದರೆ ಈಗ ನಿಜವಾಗಿ ಇಂಟರ್ನಲ್ಸ್ ಇದೆ. ದೇವರಾಣೆ. ಹೀರಾಳನ್ನು ಕೇಳು.

೨೬ಕ್ಕೆ ನೀನು ಬರುತ್ತೀಯಾ?

ನಿನ್ನ ಬಾಯ್
ಮನಿಷಾ


ಬೆಳಂಬಾರ
೧೯ ಜನವರಿ ೨೦೨೫

ಬಾಯ್,

ಕಾಗದದ ಕೊನೆಯಲ್ಲಿ "ನೀನು" ಎಂದಿದ್ದೀ. ಈ ಸಲ ಹಿಂದೆ ತಿರುಗಿ ನೋಡಲಿಲ್ಲ.

ಬರುತ್ತೇನೆ. ಆಯಿಯೂ ಬರುತ್ತಾಳೆ. ಹಾಸ್ಟೆಲ್ಲಿನವರಿಗೆಲ್ಲ ಆಗುವಷ್ಟು ಶೆಟ್ಲಿ ಹುರಿದು ತರುತ್ತಾಳಂತೆ. ಆ ಗದಗದ ಹುಡುಗಿ ಸಿಗಡಿ ತಿನ್ನುತ್ತಾಳೋ ಇಲ್ಲವೋ ಮೊದಲು ಕೇಳಿ ಇಡು. ಅವಳಿಗೆ ಹೇಳು, ಮೂರನೇ ಸಲದ್ದು ಕಷ್ಟವಾಯಿತು, ಬಿದ್ದ ಜಾಗದಲ್ಲಿ ಏಡಿ ಇತ್ತು.

ಇಷ್ಟು ದಿನ ಯಾಕೆ ಉತ್ತರ ಬರೆಯಲಿಲ್ಲ ಎಂದರೆ, ಕೋಪ ಬಂದಿಲ್ಲ ಎಂದು ಬರೆದರೆ ಸುಳ್ಳಾಗುತ್ತಿತ್ತು. ಒಂದು ದಿನ ಪೂರ್ತಿ ಬಂದಿತ್ತು. ದೋಣಿಯಲ್ಲಿ ಹುಲಿಯಾನಿಗೆ ಸುಮ್ಮನೆ ಬೈದ ಹಾಗೂ ಆಯಿತು. ಬಂದಿದೆ ಎಂದು ಬರೆದರೆ ನಿನಗೆ ಮತ್ತೆ ಜ್ವರ ಬರುತ್ತಿತ್ತು. ಅಷ್ಟರಲ್ಲಿ ಮರುದಿನ ಒಂದು ಸಂಗತಿ ನಡೆಯಿತು. ಅದನ್ನು ಈಗ ಹೇಳಲೇಬೇಕು.

ಊಟದ ಹೊತ್ತಿನಲ್ಲಿ ರೂಪೇಶ ಸಾಹೇಬರು "ಮಗಳು ಏನು ಮಾಡ್ತಾಳ್ರಿ ಮಂಗೇಶಣ್ಣಾ?" ಎಂದು ಕೇಳಿದರು. ನಾನು ಸತ್ಯವನ್ನೇ ಹೇಳಿದೆ: "ಕಾರವಾರದಲ್ಲಿ ಫಿಸಿಕ್ಸು." ಅವರು "ಓಹೋ, ಫಿಸಿಷಿಯನ್! ಅಂದ್ರ ದೊಡ್ಡ ಡಾಕ್ಟರ್ ಅನ್ರಿ!" ಎಂದರು. ಸುತ್ತ ಎಲ್ಲರೂ ನನ್ನನ್ನೇ ನೋಡಿದರು. ಹುಲಿಯಾನೂ ನೋಡಿದ.

ನಾನು ಸುಮ್ಮನಿದ್ದೆ.

ಅವತ್ತೇ ನನ್ನ ಕೋಪ ಇಳಿಯಿತು. ಯಾವ ಮುಖ ಇಟ್ಟುಕೊಂಡು ನಿನಗೆ ಬೈಯಲಿ? ಅವತ್ತಿನಿಂದ ನನಗೆ ಕೂರಲು ಕುರ್ಚಿ ಸಿಕ್ಕಿತು. ಸಾಹೇಬರಿಗೆ ಮರಳಿನಲ್ಲಿ ಮಲಗಿ ಮಲಗಿ ಕ್ಯಾಮೆರಾ ಹಿಡಿದು ಸೊಂಟ ಹಿಡಿದಿತ್ತು. ಬಿಸಿ ಮರಳು ಗಂಟು ಕಟ್ಟಿ ಶಾಖ ಕೊಡಿ, ನಮ್ಮ ಬಾಯ್ ಹೇಳಿದ್ದಾಳೆ ಎಂದೆ. ಅದು ನಿನ್ನ ಅಜ್ಜಿ ಹೇಳುತ್ತಿದ್ದದ್ದು. ಗುಣವಾಯಿತು. ಗುಣವಾಗದಿದ್ದರೆ ಇಷ್ಟು ಕಷ್ಟ ಇರಲಿಲ್ಲ. ಸಿನೆಮಾದ ಕೊನೆಯಲ್ಲಿ ಬಂದ ಡಾಕ್ಟರ್ ನೀನೇ.

ಈಗ ಸಾಹೇಬರಿಗೆ ಸೊಂಟ ಮತ್ತೆ ಹಿಡಿದಿದೆಯಂತೆ. ೨೬ಕ್ಕೆ ನಾನು ಕಾರವಾರಕ್ಕೆ ಹೋಗುತ್ತೇನೆಂದು ಹುಲಿಯಾ ಹೇಳಿಬಿಟ್ಟಿದ್ದಾನೆ, ಅವರೂ ಹುಬ್ಬಳ್ಳಿಯಿಂದ ಬಂದು ನಮ್ಮ ಜೊತೆ ಬಸ್ಸು ಹತ್ತುತ್ತಾರಂತೆ, ಡಾಕ್ಟರ್ ಮನಿಷಾಗೆ ಸೊಂಟ ತೋರಿಸಲಿಕ್ಕೆ. ಬಸ್ಸು ಅವರ್ಸಾ ಊರು ದಾಟುವುದರೊಳಗೆ ನಿಜ ಹೇಳಿಬಿಡಬೇಕು ಎಂದುಕೊಂಡಿದ್ದೇನೆ. ನೀನು ಅರವತ್ತು ಜನರ ಎದುರು ಹೇಳಿದ್ದೀ, ನನಗೆ ಒಬ್ಬರಿಗೆ ಹೇಳಲು ಆಗಬೇಕು.

ಆಗದಿದ್ದರೆ, ಅವರು ಗೇಟಿನಲ್ಲಿ ಇಳಿದು ಸೊಂಟ ಹಿಡಿದುಕೊಂಡು ನಿನ್ನ ಹತ್ತಿರ ಬರುತ್ತಾರೆ. ನೀನು ಹೆದರಬೇಡ, ಏನೂ ಹೇಳುವುದೂ ಬೇಡ. ಸ್ವಲ್ಪ ಹೊತ್ತು ಸುಮ್ಮನಿರು. ಅದು ನಮ್ಮ ಮನೆಯವರಿಗೆ ಚೆನ್ನಾಗಿ ಬರುತ್ತದೆ.

ನಿನ್ನ ಪಪ್ಪಾ
ಮಂಗೇಶ, ತಾಂಡೇಲ
(ಕಾರ್ಡಿನಲ್ಲಿ ಇದ್ದ ಹಾಗೇ ಬರೆದಿದ್ದೇನೆ.)